ಐ7 ಅಂದ ತಕ್ಷಣ ದುಡ್ಡು ಕೊಡ್ಬೇಡಿ! (ಭಾಗ 4)

ಬೆಂಗಳೂರಿನ ಎಸ್‌ಪಿ ರೋಡಲ್ಲಿ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ಹುಡುಕ್ತಿದ್ದೀರಾ? ಅಂಗಡಿಯವ್ರು 'ಐ7 ಇದೆ, ಕಣ್ಮುಚ್ಚಿ ತಗೊಳ್ಳಿ' ಅಂದ್ರೆ ಒಂದೇ ಮಾತು ಕೇಳಿ: ಎಷ್ಟನೇ ಜನರೇಷನ್?

ನನ್ ಪ್ರಕಾರ 4ನೇ ಜನರೇಷನ್ ಐ7ಗಿಂತ 8ನೇ ಜನರೇಷನ್ ಐ3 ಮನೆಗೆ ವಾಸಿ. ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಹೆಚ್ಚುಕಮ್ಮಿ 8ನೇ ಜನರೇಷನ್ನಾದ್ರೂ ಬೇಕು. ನೀವು ಸಿನಿಮಾ ನೋಡೋ ಕಂಪ್ಯೂಟರಲ್ಲೇ ಅಪ್ಪನ ನೆಟ್‌ಬ್ಯಾಂಕಿಂಗೂ ನಡೆಯುತ್ತೆ, ಸೆಕ್ಯುರಿಟಿ ಅಪ್‌ಡೇಟ್ ಇಲ್ದಿದ್ರೆ ಹೇಗೆ? (ಲಿನಕ್ಸ್ ಹಾಕ್ತೀನಿ ಅನ್ನೋ ಪುಣ್ಯಾತ್ಮರು ಆ ಐ7ನ್ನೇ ತಗೊಳ್ಳಿ, ನಾನು ತಡೆಯಲ್ಲ.)

ಬರೀ ಹಾರ್ಡ್ ಡಿಸ್ಕ್ ಇರೋದು ಬೇಡ. 256 ಜಿಬಿ ಎಸ್‌ಎಸ್‌ಡಿ, 8 ಜಿಬಿ ರ‍್ಯಾಮ್ ಸಾಕು. ಉಳಿದ ದುಡ್ಡಲ್ಲಿ ಯುಪಿಎಸ್ ತಗೊಳ್ಳಿ. ಲ್ಯಾಪ್‌ಟಾಪ್ ಥರ ಇದಕ್ಕೆ ಬ್ಯಾಟರಿ ಇರಲ್ಲ. ಕರೆಂಟ್ ಹೋದ್ರೆ ಸೇವ್ ಮಾಡದ ಪ್ರಾಜೆಕ್ಟ್ ರಿಪೋರ್ಟೂ ಹೋಯ್ತು.