ರಕ್ತ ಕೊಟ್ಟವರಿಗೆ ಉತ್ತರವೂ ಸಲ್ಲಬೇಕು

ಮೂವತ್ತನಾಲ್ಕು ವರ್ಷ ಉಪಾಧ್ಯಾಯನಾಗಿದ್ದ ನಾನು ಉತ್ತರಪತ್ರಿಕೆಗಳನ್ನು ತಿದ್ದುವುದರಲ್ಲಿ ತಡಮಾಡಿದ್ದುಂಟು. ಹಿಂದಿರುಗಿಸದೆ ಅಟ್ಟಕ್ಕೆ ಹಾಕಿದ್ದಿಲ್ಲ. ಮಕ್ಕಳಿಂದ ಕಾಗದ ಪಡೆದ ಮೇಲೆ ಅಂಕ ಹೇಳುವುದು ಉಪಾಧ್ಯಾಯನ ಋಣ. ಈ ಮಾತೇಕೆ ನೆನಪಾಯಿತೆಂದರೆ, ನಮ್ಮ ಮನೆತನದ ಏಳು ಜನರ ರಕ್ತ ಒಂದು ಸಂಶೋಧನಾಲಯವನ್ನು ಸೇರಿ ಹನ್ನೊಂದು ವರ್ಷಗಳಾದವು. ಫಲಿತಾಂಶ ಇನ್ನೂ ನಮ್ಮ ಕೈಸೇರಿಲ್ಲ.

ಬಂಧುಗಳಿಗೆ ಸಂಗತಿ ಗೊತ್ತಿದೆ, ಶಿಷ್ಯರಿಗಾಗಿ ಹೇಳುತ್ತೇನೆ. ನನ್ನ ಅಕ್ಕನನ್ನು ಸೋದರಮಾವನಿಗೇ ಕೊಟ್ಟು ಮದುವೆ ಮಾಡಿದ್ದರು. ಅವಳ ಹಿರಿಯ ಮಗ ನನ್ನ ತರಗತಿಯಲ್ಲೇ ಕಲಿತವನು. ಮುಸ್ಸಂಜೆಯಾದರೆ ಹೊಸ್ತಿಲು ಎಡವುತ್ತಿದ್ದ. 'ಕಣ್ಣುಬಿಟ್ಟು ನಡೆಯೋ' ಎಂದು ಗದರಿದವನು ನಾನೇ. ಅವನ ಕಣ್ಣು ತೆರೆದೇ ಇತ್ತು. ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಹೆಸರು ತಿಳಿದಾಗ ಅವನಿಗೆ ಇಪ್ಪತ್ತೆರಡು. ಮೊದಲು ಇರುಳುಗುರುಡು, ಅನಂತರ ಅಂಚಿನಿಂದ ಒಳಕ್ಕೆ ಕಿರಿದಾಗುತ್ತ ಬರುವ ನೋಟ: ಈ ರೋಗದ ಸಾಮಾನ್ಯ ಗತಿ ಇದು.

ಸಂಶೋಧಕರು ಬಂದರು, ವಂಶವೃಕ್ಷ ಬರೆದುಕೊಂಡರು, ರಕ್ತ ತೆಗೆದರು, ರುಜು ಪಡೆದರು. ಆ ಒಪ್ಪಿಗೆ ಪತ್ರವನ್ನು ನಾನೂ ಪೂರ್ತಿ ಓದಲಿಲ್ಲ. ತಪ್ಪು ನನ್ನದೂ ಹೌದು. ಮುಂದೆ ಎರಡು ಪತ್ರ ಬರೆದೆ. ಇದು ಸಂಶೋಧನೆಗಾಗಿ ಮಾಡಿದ ಪರೀಕ್ಷೆ, ವೈಯಕ್ತಿಕ ಫಲಿತಾಂಶ ಕೊಡುವ ಪದ್ಧತಿಯಿಲ್ಲ ಎಂಬ ಒಂದೇ ಸಾಲಿನ ಮಾರೋಲೆ ಬಂತು.

ಅವರ ವಾದದಲ್ಲಿ ಹುರುಳಿಲ್ಲವೆನ್ನಲಾರೆ. ಸಂಶೋಧನಾಲಯದಲ್ಲಿ ಮಾದರಿಗಳು ಅದಲುಬದಲಾಗಬಹುದು. ಕಂಡ ವ್ಯತ್ಯಾಸವೇ ರೋಗಕ್ಕೆ ಕಾರಣವೆಂದು ನಿಶ್ಚಯವಿರದೆ ಇರಬಹುದು. ತಪ್ಪು ಉತ್ತರಕ್ಕಿಂತ ಮೌನ ಲೇಸು, ನಿಜ. ಆದರೆ ಈ ವಾದದಿಂದ ಸಿದ್ಧವಾಗುವುದು 'ಪರಿಶೀಲಿಸಿ ಹೇಳಿ' ಎಂಬುದೇ ಹೊರತು 'ಹೇಳಲೇಬೇಡಿ' ಎಂಬುದಲ್ಲ. ಅಮೆರಿಕದ ರಾಷ್ಟ್ರೀಯ ನೇತ್ರ ಸಂಸ್ಥೆ ೨೦೦೬ರಲ್ಲಿ ಆರಂಭಿಸಿದ ಐಜೀನ್ ಯೋಜನೆಯಲ್ಲಿ ಪ್ರಮಾಣೀಕೃತ ಪ್ರಯೋಗಾಲಯಗಳಲ್ಲಿ ಪರೀಕ್ಷೆ ನಡೆಸಿ, ವೈದ್ಯರ ಮೂಲಕ ರೋಗಿಗೆ ಫಲಿತಾಂಶ ತಲುಪಿಸಿದರು. ಹೆಸರು ಮರೆಮಾಡಿದ ಮಾಹಿತಿ ಸಂಶೋಧನೆಗೂ ಒದಗಿತು. ದಾರಿ ಇದೆ ಎಂದಾಯಿತಲ್ಲ!

'ತಿಳಿದು ಮಾಡುವುದೇನು, ಔಷಧವಿಲ್ಲವಲ್ಲ' ಎನ್ನುವವರಿಗೆ ನನ್ನ ಉತ್ತರವಿಷ್ಟು. ಈ ರೋಗಕ್ಕೂ ರೊಡಾಪ್ಸಿನ್ ವಂಶವಾಹಿಗೂ ಇರುವ ನಂಟು ೧೯೯೦ರಲ್ಲಿ ಪತ್ತೆಯಾಯಿತು. ಆನುವಂಶಿಕ ರೆಟಿನಾ ರೋಗಗಳಿಗೆ ಕಾರಣವಾಗುವ ವಂಶವಾಹಿಗಳು ಇಂದು ೨೫೦ಕ್ಕೂ ಹೆಚ್ಚು ತಿಳಿದಿವೆ. ಅವುಗಳಲ್ಲಿ ಆರ್‌ಪಿಇ೬೫ ಎಂಬುದರ ದೋಷಕ್ಕೆ ೨೦೧೭ರಲ್ಲಿ ಅಮೆರಿಕದಲ್ಲಿ ಜೀನ್ ಚಿಕಿತ್ಸೆಗೆ ಅನುಮತಿ ದೊರೆಯಿತು. ರೆಟಿನಾದಲ್ಲಿ ಜೀವಂತ ಕೋಶಗಳು ಉಳಿದಿದ್ದರೆ ಮಾತ್ರ ಅದು ಫಲಿಸೀತು. ಕಾಯುತ್ತ ಕುಳಿತವನ ಕೋಶಗಳು ಕಾಯುವುದಿಲ್ಲ. ಎಬಿಸಿಎ೪ ದೋಷವಿದ್ದವರಿಗೆ, ಕಣ್ಣಿಗೆ ಒಳ್ಳೆಯದೆಂದು ನುಂಗುವ ವಿಟಮಿನ್ ಎ ಮಾತ್ರೆಯೇ ಕೇಡಾಗಬಹುದು. ಹೆಸರು ತಿಳಿಯದೆ ಇವನ್ನೆಲ್ಲ ನಿರ್ಧರಿಸುವುದು ಹೇಗೆ?

ಆ ಹುಡುಗನ ಮಗಳಿಗೆ ಈಗ ಸಂಬಂಧ ನೋಡುತ್ತಿದ್ದಾರೆ. ವರ ಸೋದರತ್ತೆಯ ಮಗ. ದೋಷ ತಂದೆತಾಯಿ ಇಬ್ಬರಿಂದಲೂ ಬಂದರೆ ಮಾತ್ರ ರೋಗವೆನ್ನುವ ಬಗೆಯದಾದರೆ, ವರನೂ ಅದನ್ನು ಹೊತ್ತಿದ್ದ ಪಕ್ಷದಲ್ಲಿ ಪ್ರತಿ ಮಗುವಿಗೂ ನಾಲ್ಕರಲ್ಲೊಂದು ಅಪಾಯ. ಎಕ್ಸ್ ವರ್ಣತಂತುವಿನದಾದರೆ ಯಾರನ್ನು ಮದುವೆಯಾದರೂ ಗಂಡುಮಕ್ಕಳಿಗೆ ಎರಡರಲ್ಲೊಂದು. 'ಅಜ್ಜ, ನಮ್ಮದು ಯಾವುದು?' ಎಂದು ಅವಳು ಕೇಳಿದಳು. ಉತ್ತರ ಬಹುಶಃ ಯಾವುದೋ ಗಣಕದಲ್ಲಿದೆ. ನನ್ನ ಬಳಿ ಇಲ್ಲ.

ಆದ್ದರಿಂದ ನನ್ನ ಆಗ್ರಹ ಸರಳ. ಸಂಶೋಧನೆಗೆ ಹಣ ಬೇಡುವಾಗಲೇ ಫಲಿತಾಂಶವನ್ನು ಪ್ರಮಾಣೀಕೃತ ಪ್ರಯೋಗಾಲಯದಲ್ಲಿ ದೃಢಪಡಿಸುವ ಖರ್ಚನ್ನೂ ಸೇರಿಸಬೇಕು. ಒಪ್ಪಿಗೆ ಪತ್ರ ಕನ್ನಡದಲ್ಲಿರಬೇಕು. ಏನೂ ಸಿಕ್ಕದಿದ್ದರೆ 'ಸಿಕ್ಕಿಲ್ಲ' ಎಂದಾದರೂ ಬರೆಯಬೇಕು, ಅದೂ ಉತ್ತರವೇ.

ಶಿಷ್ಯರೆ, ನಿಮ್ಮಲ್ಲಿ ವೈದ್ಯರಿದ್ದೀರಿ, ಪ್ರಯೋಗಾಲಯಗಳಲ್ಲಿ ದುಡಿಯುವವರಿದ್ದೀರಿ. ಬಂಧುಗಳೆ, ರಕ್ತ ಕೊಡಬೇಡಿ ಎನ್ನುವುದಿಲ್ಲ. ಕೊಡದಿದ್ದರೆ ವಿದ್ಯೆ ಬೆಳೆಯದು. ಆದರೆ ತೋಳು ಚಾಚುವ ಮುನ್ನ ಕೇಳಿ: ಫಲಿತಾಂಶವನ್ನು ಯಾರು, ಯಾವಾಗ ಹೇಳುತ್ತಾರೆ? ಅಂದು ನಾನು ಕೇಳದೆ ಹೋದ ಪ್ರಶ್ನೆಯದು.