ಸಿಯೋಲ್ ಯಾತ್ರೆಯ ಪಟ್ಟಿಯಲ್ಲಿ ಯಾರ ಹೆಸರು?

2027ರ ಆಗಸ್ಟ್ 3ರಿಂದ 8ರವರೆಗೆ ದಕ್ಷಿಣ ಕೊರಿಯಾದ ಸಿಯೋಲ್‌ನಲ್ಲಿ ಕ್ಯಾಥೋಲಿಕ್ ಯುವಜನರ ಜಾಗತಿಕ ಸಮಾವೇಶ ಇದೆ. ‘ವಿಶ್ವ ಯುವ ದಿನ’ ಎಂದು ಹೆಸರು, ನಡೆಯುವುದು ಹೆಚ್ಚುಕಡಿಮೆ ಒಂದು ವಾರ. ನಮ್ಮ ಧರ್ಮಕೇಂದ್ರದ ಯುವಕರ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಈಗಾಗಲೇ ಚರ್ಚೆ ಜೋರಾಗಿದೆ. ಚರ್ಚೆ ಅಂದರೆ ಏನೆಂದುಕೊಂಡಿರಿ? ಯಾವ ಏಜೆಂಟ್ ಕಡಿಮೆಗೆ ಮಾಡಿಕೊಡುತ್ತಾನೆ, ಜೊತೆಗೆ ಜೆಜು ದ್ವೀಪವನ್ನೂ ತೋರಿಸುತ್ತಾನಾ, ಊಟಕ್ಕೆ ಅನ್ನ ಸಿಗುತ್ತದಾ!

ಹಾಸ್ಟೆಲ್ ಗೆಳೆಯರು ಕಾಲೆಳೆಯುತ್ತಾರೆ. ‘ಲೋ, ಇದು ಭಕ್ತಿಯೋ, ಫಾರಿನ್ ಟ್ರಿಪ್ಪೋ?’ ಎರಡೂ ಅನ್ನುತ್ತೇನೆ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ನಮ್ಮಜ್ಜಿ ಮೊದಲ ಸಲ ಸಮುದ್ರ ನೋಡಿದ್ದೇ ವೇಳಾಂಕಣ್ಣಿಗೆ ಹೋದಾಗ. ಆ ಯಾತ್ರೆಯ ಕಥೆ ಹೇಳುವಾಗ ಅಜ್ಜಿಯ ಬಾಯಲ್ಲಿ ಮಾತೆಯ ಗುಡಿ ಎಷ್ಟು ಸಲ ಬರುತ್ತದೋ ಅಲೆಯೂ ಅಷ್ಟೇ ಸಲ ಬರುತ್ತದೆ. ಧರ್ಮಸ್ಥಳಕ್ಕೆ ಹೋದವರು ಮಂಗಳೂರಿನ ಕಡಲು ನೋಡಿಕೊಂಡು ಬರುವುದಿಲ್ಲವೇ? ಹಾಗಾಗಿ ಊರು ನೋಡುವ ಆಸೆಯ ಬಗ್ಗೆ ನನ್ನ ತಕರಾರಿಲ್ಲ. ನನ್ನ ತಕರಾರು ಬೇರೆ.

ದೊಡ್ಡಪ್ಪನ ಮಗಳು 2023ರಲ್ಲಿ ಪೋರ್ಚುಗಲ್‌ನ ಲಿಸ್ಬನ್‌ಗೆ ಹೋಗಿದ್ದಳು. ನರ್ಸ್ ಕೆಲಸದಲ್ಲಿ ಎರಡು ವರ್ಷ ಕೂಡಿಟ್ಟ ಸಂಬಳದಲ್ಲಿ. ಮಲಗಿದ್ದು ಶಾಲೆಯೊಂದರ ನೆಲದ ಮೇಲೆ, ಸ್ನಾನಕ್ಕೆ ಉದ್ದ ಸಾಲು, ಆಗಸ್ಟ್ ಬಿಸಿಲಲ್ಲಿ ದಿನವಿಡೀ ನಡಿಗೆ. ಕೊನೆಯ ಶನಿವಾರದ ಜಾಗರಣೆಗೆ ತೇಜೊ ನದಿಯ ದಡದ ಬಯಲಿನಲ್ಲಿ ಆಕಾಶದ ಕೆಳಗೇ ರಾತ್ರಿ ಕಳೆದರು. ಭಾನುವಾರ ಬೆಳಿಗ್ಗೆ ಪೋಪ್ ಫ್ರಾನ್ಸಿಸ್ ಅವರ ಪೂಜೆಗೆ ಅಲ್ಲಿ ಸೇರಿದವರು ಸುಮಾರು 15 ಲಕ್ಷ ಮಂದಿ. ಪಕ್ಕದಲ್ಲಿ ಮಲಗಿದ್ದ ಪೋಲೆಂಡ್ ಹುಡುಗಿಗೂ ಇವಳಿಗೂ ಇಂಗ್ಲಿಷ್ ಅಷ್ಟಕ್ಕಷ್ಟೇ. ಜಪಸರ ಹಿಡಿದು ಅವಳು ಅವಳ ಭಾಷೆಯಲ್ಲಿ, ಇವಳು ಕನ್ನಡದಲ್ಲಿ ಹೇಳುತ್ತಾ ಹೋದರಂತೆ. ಮಣಿ ಮಾತ್ರ ಒಂದೇ ಲೆಕ್ಕದಲ್ಲಿ ಸರಿಯುತ್ತಿತ್ತು.

ಆ ಬಯಲಿನ ಒಂದು ಭಾಗ ಒಂದು ಕಾಲಕ್ಕೆ ನಗರದ ಕಸ ಸುರಿಯುವ ಜಾಗವಾಗಿತ್ತು. ಸಿವಿಲ್ ಓದುವ ನನಗೆ ಇದು ವೇದಿಕೆಗಿಂತ ಹೆಚ್ಚು ಇಷ್ಟವಾಯಿತು. ವೇದಿಕೆಯ ಕಥೆಯೂ ಇದೆ ಬಿಡಿ. ಅದಕ್ಕೆ ಮೊದಲು ಹಾಕಿದ ಲೆಕ್ಕ, ತೆರಿಗೆ ಸೇರಿ 50 ಲಕ್ಷ ಯೂರೋ ದಾಟಿತ್ತು. ಜನ ಬೀದಿಯಲ್ಲೂ ಟೀವಿಯಲ್ಲೂ ಜಗಳ ತೆಗೆದರು. ಕಲಾವಿದನೊಬ್ಬ 500 ಯೂರೋ ನೋಟಿನ ಚಿತ್ರವಿದ್ದ ಉದ್ದನೆಯ ಹಾಸನ್ನು ಅದೇ ವೇದಿಕೆಯ ಮೆಟ್ಟಿಲ ಮೇಲೆ ಹಾಸಿಬಂದ. ಅಷ್ಟರೊಳಗೆ ವಿನ್ಯಾಸ ಬದಲಾಗಿ ವೆಚ್ಚ 29 ಲಕ್ಷಕ್ಕೆ ಇಳಿದಿತ್ತು. ಪ್ರಶ್ನೆ ಕೇಳಿದ್ದರಿಂದ ಯಾತ್ರೆ ಕೆಡಲಿಲ್ಲ, ಖರ್ಚು ತಗ್ಗಿತು. ನಾನೂ ಈಗ ಒಂದು ಪ್ರಶ್ನೆ ಕೇಳುತ್ತಿದ್ದೇನೆ.

ಇಂಥ ಯಾತ್ರೆಗೆ ಹೋಗುವವರು ಯಾರು? ನಮ್ಮ ಗ್ರೂಪಿನಲ್ಲಿ ಹರಿದಾಡುತ್ತಿರುವ ಅಂದಾಜು ವೆಚ್ಚ ನನ್ನ ಒಂದು ವರ್ಷದ ಕಾಲೇಜು ಫೀಸಿಗಿಂತ ಹೆಚ್ಚು. ‘ನಾನು ಬರ್ತೀನಿ’ ಎಂದು ಬರೆದವರೆಲ್ಲ ಅಂಗಡಿ, ತೋಟ, ಗಲ್ಫ್ ಸಂಬಳ ಇರುವ ಮನೆಯವರು. ಪ್ರತಿ ಭಾನುವಾರ ಗಾಯನ ವೃಂದದಲ್ಲಿ ತಬಲಾ ನುಡಿಸುವ, ಹಬ್ಬಕ್ಕೆ ಚಪ್ಪರ ಕಟ್ಟುವ, ಯಾರ ಮನೆಯಲ್ಲಿ ಸಾವಾದರೂ ರಾತ್ರಿಯೆಲ್ಲ ಕೂರುವ ಗೆಳೆಯ ಗ್ರೂಪಿನಲ್ಲಿ ಒಂದು ಬೊಟ್ಟನ್ನೂ ಒತ್ತಿಲ್ಲ. ಅವನ ಅಪ್ಪನ ಆಟೋ ಸಾಲ ಇನ್ನೂ ತೀರಿಲ್ಲ. ದುಡ್ಡು ಹೊಂದಿಸಿದರೂ ವೀಸಾಕ್ಕೆ ಬ್ಯಾಂಕ್ ಖಾತೆಯ ಲೆಕ್ಕ ತೋರಿಸಬೇಕು. ಲಿಸ್ಬನ್‌ಗೆ ಅಕ್ಕನ ಜೊತೆ ಹೊರಟಿದ್ದ ಒಬ್ಬ ಹುಡುಗನಿಗೆ ವೀಸಾ ಸಿಗಲಿಲ್ಲ, ಕಟ್ಟಿದ ಶುಲ್ಕವೂ ವಾಪಸ್ ಬರಲಿಲ್ಲ. ಲಿಸ್ಬನ್‌ನಲ್ಲಿ ಪೋಪ್ ಫ್ರಾನ್ಸಿಸ್ ‘ತೊದುಸ್, ತೊದುಸ್, ತೊದುಸ್’ ಅಂದಿದ್ದರು. ಸಭೆಯಲ್ಲಿ ಎಲ್ಲರಿಗೂ ಜಾಗವಿದೆ, ಎಲ್ಲರಿಗೂ ಎಂದು. ಕೇಳಲು ಹಿತವಾಗಿದೆ. ವಿಮಾನದ ಟಿಕೆಟ್ ತೆಗೆಯುವಾಗ ಆ ‘ಎಲ್ಲರೂ’ ಎಲ್ಲಿ ಹೋಗುತ್ತಾರೆ?

ಕೊರಿಯಾದ ಚರಿತ್ರೆ ಓದಿದ ಮೇಲಂತೂ ಇದು ಇನ್ನೂ ಚುಚ್ಚುತ್ತದೆ. ಅಲ್ಲಿ ಕ್ರೈಸ್ತಧರ್ಮ ಬೇರು ಬಿಟ್ಟದ್ದು ಹೊರಗಿನಿಂದ ಬಂದ ಪಾದ್ರಿಗಳಿಂದಲ್ಲ. ಚೀನಾದಿಂದ ಬಂದ ಪುಸ್ತಕಗಳನ್ನು ಓದಿದ ಕೆಲವು ವಿದ್ವಾಂಸರು ತಾವೇ ಸೇರಿ ಚರ್ಚಿಸಿದರು. ಅವರ ಪೈಕಿ ಯಿ ಸೆಂಗ್‌ಹುನ್ 1784ರಲ್ಲಿ ಬೀಜಿಂಗ್‌ನಲ್ಲಿ ದೀಕ್ಷಾಸ್ನಾನ ಪಡೆದು ಮರಳಿದ. ಆಮೇಲೆ ದಶಕಗಳ ಕಾಲ ಹಿಂಸೆ. ಕಿಮ್ ತೇಗಾನ್ ಎಂಬ ಹುಡುಗನಿಗೆ ಹದಿನೈದು ವರ್ಷವಾಗಿದ್ದಾಗ ಅವನನ್ನೂ ಇನ್ನಿಬ್ಬರನ್ನೂ ಗುರುಗಳಾಗಲು ದೂರದ ಮಕಾವ್‌ಗೆ ಕಳುಹಿಸಿದರು. ದಾರಿಯಲ್ಲೇ ಆರು ತಿಂಗಳು ಕಳೆಯಿತು. ಕೊರಿಯಾದ ಮೊದಲ ಗುರುವಾಗಿ ಗುಟ್ಟಾಗಿ ಊರಿಗೆ ಮರಳಿದವನನ್ನು 1846ರಲ್ಲಿ ಹಾನ್ ನದಿಯ ದಡದಲ್ಲಿ ಕೊಂದರು. ವಯಸ್ಸು 25. ಅವನೂ ಸೇರಿ 103 ಮಂದಿಯನ್ನು 1984ರಲ್ಲಿ ಎರಡನೇ ಜಾನ್ ಪಾಲ್ ಸಿಯೋಲ್‌ಗೇ ಹೋಗಿ ಸಂತರೆಂದು ಸಾರಿದರು. ಅವರ ಮಣ್ಣಿಗೆ ಹೋಗಲು ನಾವು ‘ಡೀಲಕ್ಸ್, ತ್ರೀಸ್ಟಾರ್, ಶಾಪಿಂಗ್‌ಗೆ ಅರ್ಧ ದಿನ’ ಅಂತ ಆರಿಸಿಕೊಳ್ಳುತ್ತಿದ್ದೇವೆ.

ನನ್ನ ಸಲಹೆ ಇಷ್ಟು. ಹೋಟೆಲ್ ಪ್ಯಾಕೇಜ್ ಬೇಡ. ಸಂಘಟಕರು ಕೊಡುವ ಶಾಲೆ, ಚರ್ಚ್ ಸಭಾಂಗಣ, ಯಾರದೋ ಮನೆಯ ಕೋಣೆಯಲ್ಲೇ ಮಲಗೋಣ. ಅಲ್ಲಿ ಉಳಿಯುವ ದುಡ್ಡು, ಜೊತೆಗೆ ವಾರ್ಷಿಕ ಹಬ್ಬದ ಪಟಾಕಿಗೆ ಎತ್ತುವ ಚಂದಾ ಸೇರಿಸಿದರೆ ಐವರು ಹೊರಟಲ್ಲಿ ಆರನೆಯವನನ್ನು ಕರೆದೊಯ್ಯಬಹುದು. ಲೆಕ್ಕ ಮಾಡಿ ನೋಡಿದ್ದೇನೆ, ಕಷ್ಟವಿದೆ, ಅಸಾಧ್ಯವಲ್ಲ.

‘ಆ ಆರನೆಯವನು ಯಾರು ಅಂತ ಹೇಗೆ ಆರಿಸ್ತೀಯಾ? ಕಮಿಟಿಯವರ ತಂಗಿ ಮಗನೇ ಹೋಗ್ತಾನೆ’ ಎಂದ ಒಬ್ಬ. ಅನುಮಾನ ಸರಿಯೇ. ಹಾಗಾದರೆ ಸ್ವಂತ ಖರ್ಚಿನಲ್ಲಿ ಹೋಗಲಾಗದವರ ಹೆಸರು ಬರೆದು ಚೀಟಿ ಎತ್ತಲಿ. ಯೂದನ ಜಾಗಕ್ಕೆ ಮತ್ತೀಯನನ್ನು ಪ್ರೇಷಿತರು ಆರಿಸಿದ್ದೂ ಚೀಟಿ ಹಾಕಿಯೇ ಅಲ್ಲವೇ? ಇನ್ನೊಬ್ಬರ ಹಂಗಿನಲ್ಲಿ ಹೋಗಲು ಅವನು ಒಪ್ಪುತ್ತಾನಾ ಎಂಬ ಪ್ರಶ್ನೆಯೂ ಇದೆ. ಅದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಯಾರ ದುಡ್ಡು ಎಷ್ಟು ಎಂಬುದು ಖಜಾಂಚಿಯನ್ನು ಬಿಟ್ಟು ಬೇರೆ ಯಾರಿಗೂ ತಿಳಿಯದಂತೆ ಒಂದೇ ಖಾತೆಯಿಂದ ಎಲ್ಲರ ಟಿಕೆಟ್ ತೆಗೆದರೆ ಮುಜುಗರ ಸ್ವಲ್ಪ ಕಡಿಮೆಯಾದೀತು.

ಬರುವ ಭಾನುವಾರ ಎರಡನೇ ಪೂಜೆ ಮುಗಿದ ಮೇಲೆ ಯುವಕರ ಸಭೆ ಕರೆದಿದ್ದಾರೆ. ಏಜೆಂಟ್ ಕೂಡ ಬರುತ್ತಾನಂತೆ. ಅವನು ಪ್ರೊಜೆಕ್ಟರ್ ಹಚ್ಚುವ ಮೊದಲೇ ಎದ್ದು ನಿಂತು ಇದನ್ನೆಲ್ಲ ಹೇಳಬೇಕೆಂದಿದ್ದೇನೆ. ತಬಲಾದವನಿಗೂ ಬಾ ಎಂದು ಹೇಳಿದ್ದೇನೆ. ‘ನೋಡೋಣ’ ಅಂದಿದ್ದಾನೆ.