ಬರೆಯುವವರೂ ಬರೆಯಿಸುವವರೂ

ಹುಡುಗರಿಗೆ ವ್ಯಾಕರಣಪಾಠವನ್ನು ಹೇಳುವಾಗ ಮೊದಲು ತಿಳಿಸತಕ್ಕದ್ದು ಕರ್ತೃ, ಕರ್ಮ, ಕ್ರಿಯೆಗಳ ವಿವೇಕವನ್ನು. ಕರ್ತೃವೆಂದರೆ ತನ್ನ ಕೆಲಸದಲ್ಲಿ ಸ್ವತಂತ್ರನಾಗಿರುವವನು ಎಂದು ಪೂರ್ವಿಕರು ಲಕ್ಷಣವನ್ನು ಹೇಳಿರುವರು. ಅವನ ಹಿಂದೆ ನಿಂತು ಅವನಿಂದ ಕೆಲಸವನ್ನು ಮಾಡಿಸುವ ಇನ್ನೊಬ್ಬನಿದ್ದರೆ ಅವನಿಗೆ ಹೇತುಕರ್ತೃವೆಂದು ಹೆಸರು. ದೇವದತ್ತನು ಬರೆಯುತ್ತಾನೆ, ಯಜ್ಞದತ್ತನು ದೇವದತ್ತನಿಂದ ಬರೆಯಿಸುತ್ತಾನೆ. ವೃತ್ತಪತ್ರಿಕೆಯ ಲೇಖನದ ತಲೆಯಲ್ಲಿ ದೇವದತ್ತನ ಹೆಸರು ಅಚ್ಚಾಗಿರುವುದು; ಯಜ್ಞದತ್ತನ ಹೆಸರು ಹುಡುಕಿದರೂ ಸುಲಭವಾಗಿ ಸಿಕ್ಕದು. ಆದರೆ ದೇವದತ್ತನು ನಾಳೆಯೂ ಬರೆಯುವನೇ, ಏನನ್ನು ಬರೆಯುವನು, ಯಾವುದನ್ನು ಬರೆಯದೆ ಬಿಡುವನು ಎಂಬುದು ಬಹುಮಟ್ಟಿಗೆ ಯಜ್ಞದತ್ತನ ಕೈಯಲ್ಲಿರುವುದು.

ಈ ಯಜ್ಞದತ್ತನ, ಎಂದರೆ ಪತ್ರಿಕೆಯ ಒಡೆಯನ, ವಿಷಯವಾಗಿ ಈ ತಿಂಗಳು ಕೆಲವು ಮಾತುಗಳನ್ನು ಹೇಳಬೇಕೆಂದಿರುವೆವು. ಅದಕ್ಕೆ ಅಮೇರಿಕಾ ಸಂಯುಕ್ತ ಸಂಸ್ಥಾನಗಳ ಕಪ್ಪು ಜನಾಂಗದವರ ಪತ್ರಿಕೆಗಳ ಕಥೆಗಿಂತ ಸ್ಪಷ್ಟವಾದ ಉದಾಹರಣೆಯು ನಮಗೆ ತೋರಲಿಲ್ಲ. ದೂರದೇಶದ ಮಾತೆಂದು ವಾಚಕ ಮಹಾಶಯರು ಪುಟವನ್ನು ತಿರುವಿಹಾಕಬಾರದು. ಕಥೆಯ ಕೊನೆಯು ನಮ್ಮ ಮನೆಯ ಜಗಲಿಗೇ ಬಂದು ನಿಲ್ಲುವುದು.

1827ನೆಯ ಇಸವಿ ಮಾರ್ಚ್ 16ರಂದು ನ್ಯೂಯಾರ್ಕ್ ನಗರದಲ್ಲಿ ‘ಫ್ರೀಡಮ್ಸ್ ಜರ್ನಲ್’ ಎಂಬ ಪತ್ರಿಕೆಯು ಹೊರಟಿತು. ಸಾಮ್ಯುಯೆಲ್ ಕಾರ್ನಿಷ್ ಎಂಬ ಪಾದ್ರಿಯೂ ಜಾನ್ ರಸ್‌ವರ್ಮ್ ಎಂಬ ಪದವೀಧರನೂ ಅದರ ಸಂಪಾದಕರು. ಕಪ್ಪು ಜನರೇ ಒಡೆಯರೂ ಸಂಪಾದಕರೂ ಆಗಿ ಆ ದೇಶದಲ್ಲಿ ನಡೆಯಿಸಿದ ಮೊದಲನೆಯ ಪತ್ರಿಕೆಯದು. ಆಗ ದಕ್ಷಿಣದ ಸಂಸ್ಥಾನಗಳಲ್ಲಿ ಮನುಷ್ಯರನ್ನು ಮಾರಿ ಕೊಳ್ಳುವುದು ಕಾನೂನಿಗೆ ಸಮ್ಮತವಾಗಿದ್ದಿತು. ಅದುವರೆಗೆ ಪತ್ರಿಕೆಗಳ ವಾಕ್ಯಗಳಲ್ಲಿ ಈ ಜನರು ಬರುತ್ತಿದ್ದುದು ಕರ್ಮಪದವಾಗಿ. ಅವರನ್ನು ಮಾರಿದರು, ಅವರನ್ನು ಹಿಡಿದರು, ಅವರನ್ನು ದಂಡಿಸಿದರು, ಅವರನ್ನು ಕನಿಕರಿಸಿದರು. ಕನಿಕರದ ವಾಕ್ಯದಲ್ಲಿಯೂ ಅವರು ಕರ್ಮವೇ. ತಮ್ಮ ವಾದವನ್ನು ತಾವೇ ಹೂಡಿ ಕರ್ತೃಗಳಾಗಬೇಕೆಂಬುದು ಆ ಪತ್ರಿಕೆಯ ಸಂಕಲ್ಪವಾಗಿದ್ದಿತು. ಅದು ಬಾಳಿದ್ದು ಎರಡೇ ವರ್ಷವಾದರೂ ದಾರಿಯು ಬಿದ್ದಿತು.

ಆ ದಾರಿಯಲ್ಲಿ ನಡೆದವರಲ್ಲಿ ಐಡಾ ಬಿ. ವೆಲ್ಸ್ ಎಂಬ ಮಹಿಳೆಯನ್ನು ನಾವು ವಿಶೇಷವಾಗಿ ಸ್ಮರಿಸುವೆವು. ಆಕೆ 1862ರಲ್ಲಿ ದಾಸ್ಯದಲ್ಲಿಯೇ ಹುಟ್ಟಿದವರು. ಮೆಂಫಿಸ್ ನಗರದಲ್ಲಿ ಉಪಾಧ್ಯಾಯಿನಿಯಾಗಿದ್ದವರು. ಕಪ್ಪು ಮಕ್ಕಳ ಶಾಲೆಗಳ ದುಃಸ್ಥಿತಿಯನ್ನು ಬರೆದುದರಿಂದ 1891ರಲ್ಲಿ ಕೆಲಸವನ್ನು ಕಳೆದುಕೊಂಡರು. ‘ಫ್ರೀ ಸ್ಪೀಚ್’ ಎಂಬ ಪತ್ರಿಕೆಯಲ್ಲಿ ಅವರದೂ ಒಡೆತನದ ಪಾಲಿದ್ದಿತು. 1892ರ ಮಾರ್ಚ್ ತಿಂಗಳಲ್ಲಿ ಅದೇ ಊರಿನಲ್ಲಿ ದಿನಸಿ ಅಂಗಡಿಯನ್ನಿಟ್ಟಿದ್ದ ಅವರ ಸ್ನೇಹಿತನನ್ನೂ ಅವನ ಇಬ್ಬರು ಜೊತೆಗಾರರನ್ನೂ ಜನರ ಗುಂಪು ಸೆರೆಮನೆಯಿಂದ ಎಳೆದೊಯ್ದು ಕೊಂದಿತು. ಇಂತಹ ಕೊಲೆಗಳಿಗೆ ಹೇಳುತ್ತಿದ್ದ ನೆಪಗಳು ಸುಳ್ಳೆಂದು ಐಡಾ ವೆಲ್ಸರು ಬರೆದರು. ಮೇ ತಿಂಗಳಲ್ಲಿ ಮತ್ತೊಂದು ಗುಂಪು ಪತ್ರಿಕೆಯ ಕಚೇರಿಯನ್ನು ಧ್ವಂಸಮಾಡಿತು. ಆಕೆ ಪರಸ್ಥಳದಲ್ಲಿದ್ದುದರಿಂದ ಪ್ರಾಣವುಳಿಯಿತು, ಊರಿಗೆ ಹಿಂದಿರುಗುವಂತಿರಲಿಲ್ಲ.

ಇಲ್ಲಿ ವಾಚಕರು ಒಂದು ಸಣ್ಣ ಸಂಗತಿಯನ್ನು ಗಮನಿಸಬೇಕು. ಅಚ್ಚಿನ ಸಾಮಗ್ರಿ ಹೋಯಿತು, ಕಚೇರಿ ಹೋಯಿತು; ಉಳಿದದ್ದು ಚಂದಾದಾರರ ಪಟ್ಟಿ. ಅದನ್ನು ಅವರು ನ್ಯೂಯಾರ್ಕಿನ ‘ಏಜ್’ ಎಂಬ ಪತ್ರಿಕೆಗೆ ಒಪ್ಪಿಸಿ, ಪ್ರತಿಯಾಗಿ ಆ ಪತ್ರಿಕೆಯ ಒಡೆತನದಲ್ಲಿ ಕಾಲುಪಾಲನ್ನು ಪಡೆದರು; ಅದರಲ್ಲಿಯೇ ತಮ್ಮ ಬರವಣಿಗೆಯನ್ನು ಮುಂದುವರಿಸಿದರು. ಓದುಗರ ಹೆಸರು ವಿಳಾಸಗಳಿದ್ದ ಕಾಗದವು ಗುಂಪಿನ ಕೊಡಲಿಗೆ ಸಿಕ್ಕದ ಬಂಡವಾಳವಾಯಿತು. ಈ ಪಟ್ಟಿಯ ಮಾತು ಮುಂದೆ ಪುನಃ ಬರುವುದು.

1905ರಲ್ಲಿ ರಾಬರ್ಟ್ ಅಬಟ್ ಎಂಬವರು ಶಿಕಾಗೋ ನಗರದಲ್ಲಿ ‘ಡಿಫೆಂಡರ್’ ಪತ್ರಿಕೆಯನ್ನು 300 ಪ್ರತಿಗಳಿಂದ ಆರಂಭಿಸಿದರು. ದಕ್ಷಿಣದ ಊರುಗಳಲ್ಲಿ ಅದನ್ನು ಬಹಿರಂಗವಾಗಿ ಮಾರುವುದು ಅಪಾಯವಾಗಿದ್ದಿತು. ಆಗ ರೈಲಿನ ಮಲಗುವ ಗಾಡಿಗಳಲ್ಲಿ ಕೆಲಸಮಾಡುತ್ತಿದ್ದ ಕಪ್ಪು ಪರಿಚಾರಕರು ಕಟ್ಟುಗಳನ್ನು ಗುಟ್ಟಾಗಿ ಸಾಗಿಸಿ ಊರೂರಿಗೆ ಮುಟ್ಟಿಸಿದರು. ಒಂದು ಪ್ರತಿಯನ್ನು ಕ್ಷೌರದಂಗಡಿಯಲ್ಲಿಯೂ ಇಗರ್ಜಿಯಲ್ಲಿಯೂ ಗಟ್ಟಿಯಾಗಿ ಓದಿ ಅನೇಕರು ಕೇಳುತ್ತಿದ್ದರು. ಉತ್ತರಕ್ಕೆ ಬನ್ನಿರೆಂದು ಆ ಪತ್ರಿಕೆಯು ಕರೆದ ಕರೆಗೆ ಓಗೊಟ್ಟು ಸಂಸಾರಸಹಿತರಾಗಿ ಹೊರಟವರು ಬಹು ಮಂದಿ. ಪತ್ರಿಕೆ ತಮ್ಮದು, ಅದನ್ನು ಹೊತ್ತೊಯ್ಯುವ ಕೈಗಳೂ ತಮ್ಮವರವೇ.

ಮೂರನೆಯ ಕಥೆಯು ಒಬ್ಬ ತಾಯಿಯದು. 1942ರಲ್ಲಿ ಜಾನ್ ಎಚ್. ಜಾನ್‌ಸನ್ ಎಂಬ ತರುಣನಿಗೆ ಮಾಸಪತ್ರಿಕೆಯೊಂದನ್ನು ಹೊರಡಿಸಬೇಕೆಂದು ಆಸೆಯಾಯಿತು, ಕೈಯಲ್ಲಿ ಹಣವಿರಲಿಲ್ಲ. ಅವನ ತಾಯಿಯು ತಾನು ಕಷ್ಟಪಟ್ಟು ಕೊಂಡಿದ್ದ ಮನೆಯ ಪೀಠೋಪಕರಣಗಳನ್ನು ಒತ್ತೆಯಿಡಲು ಒಪ್ಪಿದಳು. ಬಂದುದು 500 ಡಾಲರು. ಆ ಹಣವನ್ನು ಅವನು ಕಾಗದಕ್ಕಾಗಲಿ ಮಸಿಗಾಗಲಿ ಹಾಕಲಿಲ್ಲ, ಅಂಚೆಚೀಟಿಗಳಿಗೆ ಹಾಕಿದನು. ತಾನು ಕೆಲಸಮಾಡುತ್ತಿದ್ದ ವಿಮಾ ಸಂಸ್ಥೆಯ 20,000 ಮಂದಿ ಗ್ರಾಹಕರ ವಿಳಾಸಗಳಿಗೆ ಪತ್ರ ಬರೆದು, ಎರಡು ಡಾಲರು ಮುಂಗಡ ಚಂದಾ ಬೇಡಿದನು. ಸುಮಾರು 3,000 ಮಂದಿ ಕಳುಹಿಸಿಕೊಟ್ಟರು. ‘ನೀಗ್ರೋ ಡೈಜೆಸ್ಟ್’ ಹೊರಟಿದ್ದು ಹೀಗೆ. 1945ರಲ್ಲಿ ‘ಎಬೊನಿ’, 1951ರಲ್ಲಿ ‘ಜೆಟ್’ ಅದರ ಬೆನ್ನಿಗೆ ಬಂದವು.

1955ರಲ್ಲಿ ಶಿಕಾಗೋದ ಎಮೆಟ್ ಟಿಲ್ ಎಂಬ ಹದಿನಾಲ್ಕು ವರ್ಷದ ಬಾಲಕನನ್ನು ಮಿಸಿಸಿಪಿ ಸಂಸ್ಥಾನದಲ್ಲಿ ಚಿತ್ರಹಿಂಸೆಮಾಡಿ ಕೊಂದರು. ಮಗನ ಶವಪೆಟ್ಟಿಗೆಯನ್ನು ಮುಚ್ಚಕೂಡದು, ಜನರು ನೋಡಲಿ ಎಂದು ತಾಯಿಯಾದ ಮೇಮಿ ಟಿಲ್ ನಿಶ್ಚಯಿಸಿದಳು. ಆ ಮುಖದ ಛಾಯಾಚಿತ್ರವನ್ನು ‘ಜೆಟ್’ ಅಚ್ಚುಮಾಡಿತು. ಆ ಚಿತ್ರವು ಒಂದು ತಲೆಮಾರನ್ನೇ ಎಚ್ಚರಿಸಿತೆಂದು ಅಲ್ಲಿಯ ಹಿರಿಯರು ಹೇಳುವರು. ಪತ್ರಿಕೆಯ ಒಡೆತನವು ಪರರಲ್ಲಿದ್ದಿದ್ದರೆ ಆ ತಾಯಿಯ ನಿಶ್ಚಯವು ಅಚ್ಚಿಗೆ ಏರುತ್ತಿದ್ದಿತೇ? ಸಂದೇಹಪಡಲು ಸಕಾರಣವುಂಟು.

ಹೀಗೆ ಕೂಡಿಬಂದ ಛಾಯಾಚಿತ್ರಗಳೂ ಅವುಗಳ ಮೂಲಪ್ರತಿಗಳೂ ಸೇರಿ ನಲವತ್ತು ಲಕ್ಷಕ್ಕೂ ಮೇಲಾದವು. ಒಂದು ಜನಾಂಗದ ಮದುವೆ ಮಸಣಗಳೂ ಹಾಡು ಹೋರಾಟಗಳೂ ಅವುಗಳಲ್ಲಿದ್ದವು. ಕಾಲವು ತಿರುಗಿತು. ‘ಜೆಟ್’ ಪತ್ರಿಕೆಯು 2014ರಲ್ಲಿ ಮುದ್ರಣವನ್ನು ನಿಲ್ಲಿಸಿತು. 2016ರಲ್ಲಿ ‘ಎಬೊನಿ’ಯನ್ನು ಮಾರಬೇಕಾಯಿತು. 2019ರ ಏಪ್ರಿಲಿನಲ್ಲಿ ಜಾನ್‌ಸನ್ನರ ಸಂಸ್ಥೆಯು ದಿವಾಳಿಯಾಯಿತು. ಚಿತ್ರಭಂಡಾರವು ಹರಾಜಿಗೆ ಬಂದಿತು. ನಾಲ್ಕು ಧರ್ಮನಿಧಿಗಳು ಒಂದಾಗಿ ಮೂರು ಕೋಟಿ ಡಾಲರುಗಳಿಗೆ ಕೊಂಡು, ಸಾರ್ವಜನಿಕ ಸಂಸ್ಥೆಗಳ ವಶಕ್ಕೆ ಒಪ್ಪಿಸಿದುದರಿಂದ ಅದು ಉಳಿಯಿತು. ಕೊಳ್ಳುವವನು ಕೇವಲ ವ್ಯಾಪಾರಿಯಾಗಿದ್ದರೆ, ಮೇಮಿ ಟಿಲ್ಲಳ ದುಃಖವು ಯಾವನೋ ಒಬ್ಬನ ಬೀರುವಿನ ಸರಕಾಗುತ್ತಿದ್ದಿತು. ಅದೇ ಜುಲೈಯಲ್ಲಿ ಅಬಟ್ಟರ ‘ಡಿಫೆಂಡರ್’ ಕೂಡ ಕಾಗದದ ಮೇಲೆ ಅಚ್ಚಾಗುವುದನ್ನು ಬಿಟ್ಟು ಅಂತರ್ಜಾಲದಲ್ಲಿ ಮಾತ್ರ ಉಳಿದುಕೊಂಡಿತು.

ಅಂತರ್ಜಾಲದಲ್ಲಿ ಪತ್ರಿಕೆಯನ್ನು ನಡೆಯಿಸುವುದು ಅಗ್ಗವಲ್ಲವೇ, ಅಚ್ಚುಕೂಟವೂ ಬೇಡ, ರೈಲಿನ ಪರಿಚಾರಕರೂ ಬೇಡ ಎಂದು ವಾಚಕರು ಕೇಳಬಹುದು. ಹೊರಡಿಸುವುದು ಅಗ್ಗ, ಬಾಳಿಸುವುದು ಕಷ್ಟ. ಏಕೆಂದರೆ ಅಲ್ಲಿ ಬರೆಯಿಸುವವನ ಮೇಲೆ ತೋರಿಸುವವನೊಬ್ಬನು ಹುಟ್ಟಿಕೊಂಡಿರುವನು. ಓದುಗನು ಲೇಖನಕ್ಕೆ ಬಹುಮಟ್ಟಿಗೆ ಬರುವುದು ಗೂಗಲ್ಲಿನ ಹುಡುಕಾಟದಿಂದ, ಇಲ್ಲವೇ ಫೇಸ್‌ಬುಕ್ಕಿನಂತಹ ಕೂಟದಿಂದ. ಯಾರಿಗೆ ಯಾವುದನ್ನು ತೋರಿಸಬೇಕೆಂದು ನಿರ್ಣಯಿಸುವವರು ಅವರು. 2018ರ ಜನವರಿಯಲ್ಲಿ ಫೇಸ್‌ಬುಕ್ ತನ್ನ ಕ್ರಮವನ್ನು ಬದಲಿಸಿ, ಸ್ನೇಹಿತರ ಮತ್ತು ಬಂಧುಗಳ ಮಾತಿಗೆ ಮುಂದಿನ ಸ್ಥಾನವನ್ನೂ ಪತ್ರಿಕೆಗಳಿಗೆ ಹಿಂದಿನ ಸ್ಥಾನವನ್ನೂ ಕೊಟ್ಟಿತು. ಅದನ್ನೇ ನೆಚ್ಚಿದ್ದ ಪತ್ರಿಕೆಗಳು ತಮ್ಮ ತಪ್ಪೇನೂ ಇಲ್ಲದೆ ಓದುಗರನ್ನು ಕಳೆದುಕೊಂಡವು. 2024ರಿಂದ ಗೂಗಲ್ ಯಂತ್ರವೇ ಸಾರಾಂಶವನ್ನು ಬರೆದು ಮೇಲುಗಡೆ ಇಡತೊಡಗಿರುವುದು; ಮೂಲ ಲೇಖನದವರೆಗೆ ಹೋಗುವ ಶ್ರಮವನ್ನು ಅನೇಕರು ತೆಗೆದುಕೊಳ್ಳರು.

ಹಣದ ದಾರಿಯೂ ಹೀಗೆಯೇ. ಅಂತರ್ಜಾಲದ ಜಾಹೀರಾತುಗಳು ಕ್ಷಣಾರ್ಧದಲ್ಲಿ ಯಂತ್ರಗಳ ನಡುವೆ ಹರಾಜಾಗುವುವು. ಮಧ್ಯವರ್ತಿಗಳೆಲ್ಲ ತಮ್ಮ ಪಾಲನ್ನು ತೆಗೆದುಕೊಂಡ ಮೇಲೆ ಮಿಕ್ಕದ್ದು ಪತ್ರಿಕೆಗೆ. ಅದರ ಮೇಲೆ, ತಮ್ಮ ಸಾಬೂನಿನ ಚಿತ್ರವು ಅಪ್ರಿಯವಾದ ಸುದ್ದಿಯ ಪಕ್ಕದಲ್ಲಿ ಕಾಣಬಾರದೆಂದು ಜಾಹೀರಾತುದಾರರು ನಿಷಿದ್ಧಪದಗಳ ಪಟ್ಟಿಯನ್ನು ಕೊಡುವುದುಂಟು. 2020ರ ಮೇ ತಿಂಗಳಲ್ಲಿ ಮಿನಿಯಾಪೊಲಿಸ್ ನಗರದ ಪೋಲೀಸಿನವನೊಬ್ಬನು ಜಾರ್ಜ್ ಫ್ಲಾಯ್ಡ್ ಎಂಬವನನ್ನು ಕೊಂದಾಗ, ಆ ಹೆಸರೂ ಆ ಚಳುವಳಿಯ ಹೆಸರೂ ಇಂತಹ ಪಟ್ಟಿಗಳಲ್ಲಿ ಸೇರಿದ್ದು ಬಯಲಾಯಿತು. ದೊಡ್ಡ ಪತ್ರಿಕೆಗೆ ಅದು ನೂರರಲ್ಲಿ ಒಂದು ಸುದ್ದಿ. ಕಪ್ಪು ಜನರ ಪತ್ರಿಕೆಗೆ ಅದೇ ನಿತ್ಯದ ಬಾಳು. ತಮ್ಮ ಮನೆಯ ಸಾವನ್ನು ತಾವು ಬರೆದರೆ ಆದಾಯ ಬರದು! ಹಿಂದೆ ಕಚೇರಿಯನ್ನು ಒಡೆದವರ ಮುಖವಾದರೂ ಕಾಣುತ್ತಿದ್ದಿತು. ಈ ಪದಪಟ್ಟಿಗೆ ಮುಖವೂ ಇಲ್ಲ, ದ್ವೇಷವೂ ಇಲ್ಲ.

ಆ ಕಾಲದಲ್ಲಿ ದೊಡ್ಡ ಸಂಸ್ಥೆಗಳು ಪಶ್ಚಾತ್ತಾಪದಿಂದ ಮಾತುಕೊಟ್ಟದ್ದೂ ಉಂಟು. ಕಪ್ಪು ಜನರ ಒಡೆತನದ ಪತ್ರಿಕೆ ಮತ್ತು ಪ್ರಸಾರಸಂಸ್ಥೆಗಳಿಗೆ ತನ್ನ ಜಾಹೀರಾತಿನ ವೆಚ್ಚದಲ್ಲಿ 2021ರಲ್ಲಿ ನೂರಕ್ಕೆ 2, 2022ರಲ್ಲಿ 4, 2025ರ ವೇಳೆಗೆ 8 ಪಾಲನ್ನು ಕೊಡುವುದಾಗಿ ಜನರಲ್ ಮೋಟರ್ಸ್ ಸಾರಿತು. ಆದರೆ ಕೆಲವೇ ವರ್ಷಗಳಲ್ಲಿ ಅನೇಕ ಸಂಸ್ಥೆಗಳ ಉತ್ಸಾಹವು ಇಳಿಯಿತು. ಪರರ ಪಶ್ಚಾತ್ತಾಪವು ಪತ್ರಿಕೆಗೆ ಸ್ಥಿರವಾದ ಮೂಲಧನವಾಗಲಾರದು.

ಹಾಗಾದರೆ ದೊಡ್ಡ ಒಡೆಯನ ಆಶ್ರಯವನ್ನು ಸೇರಬಹುದಷ್ಟೆ? ‘ದಿ ರೂಟ್’ ಎಂಬ ಅಂತರ್ಜಾಲ ಪತ್ರಿಕೆಯನ್ನು ನೋಡಿರಿ. 2008ರಲ್ಲಿ ವಾಷಿಂಗ್ಟನ್ ಪೋಸ್ಟ್ ಸಂಸ್ಥೆಯ ಆಶ್ರಯದಲ್ಲಿ ಹುಟ್ಟಿತು. 2015ರಲ್ಲಿ ಯೂನಿವಿಷನ್ ಕೊಂಡಿತು. 2019ರಲ್ಲಿ ಲಾಭಕ್ಕಾಗಿ ಸಂಸ್ಥೆಗಳನ್ನು ಕೊಂಡು ಮಾರುವ ಹಣವಂತರ ಕೈಸೇರಿತು. ಬರೆಯುವವರು ಕಪ್ಪು ಜನರು. ಹನ್ನೊಂದು ವರ್ಷಗಳಲ್ಲಿ ಕಂಡ ಮೂವರು ಒಡೆಯರಲ್ಲಿ ಒಬ್ಬರೂ ಆ ಜನಾಂಗದ ಸಂಸ್ಥೆಯಾಗಿರಲಿಲ್ಲ. ಇದಕ್ಕೆ ಪ್ರತಿಯಾದ ಉದಾಹರಣೆಯೂ ಉಂಟು. 1970ರಲ್ಲಿ ಕಪ್ಪು ಸ್ತ್ರೀಯರಿಗಾಗಿ ಹುಟ್ಟಿದ ‘ಎಸೆನ್ಸ್’ ಪತ್ರಿಕೆಯು 2005ರಲ್ಲಿ ಪೂರ್ತಿಯಾಗಿ ಟೈಮ್ ಸಂಸ್ಥೆಯ ಪಾಲಾಗಿದ್ದುದು, 2018ರಲ್ಲಿ ಮರಳಿ ತನ್ನ ಜನರ ಒಡೆತನಕ್ಕೆ ಬಂದಿತು. 2022ರಲ್ಲಿ ಲಾರೆನ್ ವಿಲಿಯಮ್ಸ್, ಅಕೋಟೊ ಒಫೋರಿ-ಅಟ್ಟಾ ಎಂಬ ಇಬ್ಬರು ಮಹಿಳೆಯರು ‘ಕ್ಯಾಪಿಟಲ್ ಬಿ’ ಎಂಬ ಪತ್ರಿಕೆಯನ್ನು ಲಾಭದ ಉದ್ದೇಶವಿಲ್ಲದೆ, ಧರ್ಮನಿಧಿಗಳ ಮತ್ತು ಓದುಗರ ಕಾಣಿಕೆಯಿಂದ ಅಂತರ್ಜಾಲದಲ್ಲಿ ಆರಂಭಿಸಿದರು.

ನಮ್ಮ ದೇಶಕ್ಕೆ ಈ ಪಾಠವು ಹೊಸದಲ್ಲ. ನ್ಯೂಯಾರ್ಕಿನಲ್ಲಿ ಓದಿಬಂದ ಡಾ. ಅಂಬೇಡ್ಕರರು 1920ರ ಜನವರಿ 31ರಂದು, ಕೊಲ್ಹಾಪುರದ ಶಾಹು ಮಹಾರಾಜರ ಸಹಾಯದಿಂದ, ಮರಾಠಿಯಲ್ಲಿ ‘ಮೂಕನಾಯಕ’ವನ್ನು ಹೊರಡಿಸಿದರು. ಮಾತಿಲ್ಲದವರ ನಾಯಕನೆಂಬ ಹೆಸರಿನಲ್ಲಿಯೇ ಅದರ ಕಾರಣವೂ ಅಡಗಿರುವುದು. 1946ರಲ್ಲಿ ಅವರು ಕಪ್ಪು ಜನರ ವಿದ್ವಾಂಸರೂ ಪತ್ರಿಕಾಸಂಪಾದಕರೂ ಆಗಿದ್ದ ಡಬ್ಲ್ಯು. ಇ. ಬಿ. ಡುಬಾಯ್ಸರಿಗೆ ಪತ್ರ ಬರೆದು, ಎರಡು ಜನರ ಸ್ಥಿತಿಯ ಸಾಮ್ಯವನ್ನು ಎತ್ತಿ ಹೇಳಿದರು. ಡುಬಾಯ್ಸರು ಉತ್ತರವನ್ನೂ ಕೊಟ್ಟರು.

ಈಗ ಪಟ್ಟಿಯ ಮಾತಿಗೆ ಬರುವೆವು. ಐಡಾ ವೆಲ್ಸರಲ್ಲಿ ಉಳಿದದ್ದು ಓದುಗರ ಪಟ್ಟಿ. ಜಾನ್‌ಸನ್ನನು ತಾಯಿಯ ಪೀಠೋಪಕರಣಗಳನ್ನು ಒತ್ತೆಯಿಟ್ಟು ಮುಟ್ಟಿದ್ದು ಓದುಗರ ಪಟ್ಟಿಯನ್ನು. ಫೇಸ್‌ಬುಕ್ಕಿನಲ್ಲಿ ಲಕ್ಷಾಂತರ ಮಂದಿ ಹಿಂಬಾಲಿಸಿದರೂ ಆ ಪಟ್ಟಿಯು ಪತ್ರಿಕೆಯದಲ್ಲ, ತೋರಿಸುವವನದು. ನಾಳೆ ಅವನು ಬಾಗಿಲು ಹಾಕಿದರೆ ಒಬ್ಬ ಓದುಗನ ವಿಳಾಸವೂ ಪತ್ರಿಕೆಯ ಕೈಯಲ್ಲಿರದು. ಆದುದರಿಂದಲೇ ವಿವೇಕಿಗಳಾದ ಸಣ್ಣ ಪತ್ರಿಕೆಯವರು ಓದುಗರನ್ನು ತಮ್ಮ ಮಿಂಚಂಚೆಯ ಪಟ್ಟಿಗೆ ನೇರವಾಗಿ ಸೇರಿಸಿಕೊಂಡು, ಅವರಿಂದಲೇ ಅಷ್ಟಿಷ್ಟು ಕಾಣಿಕೆಯನ್ನು ಬೇಡುತ್ತಿರುವರು.

ನಮ್ಮದೇ ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳುವುದು ಧರ್ಮ. ಇಪ್ಪತ್ತೆರಡು ವರ್ಷ ತರಿಸುತ್ತಿದ್ದ ಒಂದು ಸಣ್ಣ ಕನ್ನಡ ಪತ್ರಿಕೆಯ ಚಂದಾವನ್ನು, ಮೊಮ್ಮಗನು ಮೊಬೈಲಿನಲ್ಲಿ ಎಲ್ಲವೂ ಬಿಟ್ಟಿಯಾಗಿ ಸಿಕ್ಕುವುದೆಂದು ತೋರಿಸಿದ ಮೇಲೆ, ನಾವು ನಿಲ್ಲಿಸಿಬಿಟ್ಟೆವು. ಮರುವರ್ಷ ಆ ಪತ್ರಿಕೆಯೂ ನಿಂತಿತು. ಸಂಪಾದಕರಿಂದ ಬಂದ ಕೊನೆಯ ಕಾರ್ಡಿನಲ್ಲಿ ನಿಂದೆಯಿರಲಿಲ್ಲ. ಇಷ್ಟು ಕಾಲ ಓದಿದುದಕ್ಕೆ ವಂದನೆಯಿದ್ದಿತು. ನಮ್ಮೊಬ್ಬರ ಚಂದಾದಿಂದ ಅದು ಬದುಕುತ್ತಿರಲಿಲ್ಲವೆಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆವು. ಹಾಗೆ ಸಮಾಧಾನ ಹೇಳಿಕೊಂಡವರು ಎಷ್ಟು ಮಂದಿಯೋ! 1942ರಲ್ಲಿ ಎರಡೆರಡು ಡಾಲರು ಕಳುಹಿಸಿದ ಮೂರು ಸಾವಿರ ಮಂದಿ ಹಾಗೆ ಎಣಿಸಲಿಲ್ಲ. ನಮ್ಮ ಮೇಜಿನ ಮೇಲೆ ಇನ್ನೆರಡು ಸಣ್ಣ ಪತ್ರಿಕೆಗಳ ಚಂದಾ ಚೀಟಿಗಳಿರುವುವು; ಈ ಲೇಖನವನ್ನು ಅಂಚೆಗೆ ಹಾಕುವಾಗ ಅವನ್ನೂ ಹಾಕುವೆವು.